ಸಾವಿರದ ಮೂವತ್ತೊಂದು ಗುಂಡಿಗಳು

ಜೂನ್ 3, ಮಂಗಳವಾರ

ಪರದೆ ಏಳಲಿ! ದೀಪಗಳು ಹೊತ್ತಲಿ! ಇದೋ ಬಂದಳು, ಮೂವತ್ತು ವರ್ಷ ರಂಗದ ಮೇಲೆ ರಾಣಿಯಾಗಿ ಮೆರೆದವಳು, ಕೊನೆಯ ಬೆಂಚಿನ ಕಿವುಡನಿಗೂ ಕೇಳುವ ಕಂಠದವಳು, ಕೈಯಲ್ಲಿ ಔಷಧಿಯ ಲೋಟ ಹಿಡಿದುಕೊಂಡು!

ಯಾರಿಗೂ ತೋರಿಸದ ಪುಸ್ತಕದಲ್ಲೂ ಈ ಅಬ್ಬರ ನನ್ನನ್ನು ಬಿಡುವುದಿಲ್ಲ. ಬಿಡದಿದ್ದರೆ ಬೇಡ. ಈ ಮನೆಯಲ್ಲಿ ಯಾರಾದರೊಬ್ಬರು ಮಾತಾಡಬೇಕಲ್ಲ.

ಇವರಿಗೆ ಲಕ್ವ ಹೊಡೆದು ಇಂದಿಗೆ ಹತ್ತು ವಾರ. ಬಲಗಾಲು ಮುಕ್ಕಾಲು ಪಾಲು ಮರಳಿದೆ, ಬಲಗೈ ಅರ್ಧ ಮರಳಿದೆ. ಮಾತು ಮಾತ್ರ ಒಂದೇ ಒಂದು ಮರಳಿದೆ, ಅದೂ "ಒಂದು" ಎನ್ನುವ ಮಾತೇ. ನೀರು ಬೇಕಾದರೆ "ಒಂದು." ಕಿಟಕಿ ಮುಚ್ಚಬೇಕಾದರೆ "ಒಂದು." ಸಿಟ್ಟು ಬಂದರೆ "ಒಂದು! ಒಂದು! ಒಂದು!" ನನ್ನನ್ನು ಕರೆಯುವುದಕ್ಕೂ ಅದೇ. ಅರ್ಥ ಹೇಳುವ ಕೆಲಸ ನನ್ನದು.

ಯಾರಿಗೆ ಬಂತು ನೋಡು ಈ ಗತಿ! ನಮ್ಮ ನಾಟಕ ಕಂಪನಿಯ ಪ್ರಾಂಪ್ಟರ್ ಇವರು. ಸೈಡ್ ವಿಂಗಿನ ಕತ್ತಲಲ್ಲಿ ಮುರುಕು ಸ್ಟೂಲಿನ ಮೇಲೆ ಕೂತು, ನಾವು ಮರೆತ ಮಾತನ್ನು ನಮ್ಮ ಕಿವಿಗಷ್ಟೇ ಕೇಳುವ ಹಾಗೆ ಎತ್ತಿಕೊಡುತ್ತಿದ್ದವರು. ಇಪ್ಪತ್ತೆರಡು ನಾಟಕಗಳ ಪ್ರತಿ ಪಾತ್ರದ ಪ್ರತಿ ಮಾತೂ ಇವರ ತಲೆಯಲ್ಲಿತ್ತು. ಚಪ್ಪಾಳೆ ನಮಗೆ, ಸೊಳ್ಳೆ ಇವರಿಗೆ. ಪರದೆ ಎಳೆಯುವವನಿಗೆ ಎಣಿಸಿ ಹೇಳುತ್ತಿದ್ದವರೂ ಇವರೇ: "ಒಂದು, ಎರಡು, ಮೂರು." ಮೂರಕ್ಕೆ ಪರದೆ ಏಳುತ್ತಿತ್ತು.

ಆ ಎಣಿಕೆಯ ಮೊದಲ ಮೆಟ್ಟಿಲಲ್ಲೇ ಇವರು ಸಿಕ್ಕಿಕೊಂಡಿದ್ದಾರೆ ಎಂದು ನನಗೆ ಅನಿಸುತ್ತದೆ. ಒಳಗೆ ಇಡೀ ನಾಟಕ ಬಣ್ಣ ಹಚ್ಚಿಕೊಂಡು ನಿಂತಿದೆ. ಪರದೆ ಏಳುತ್ತಿಲ್ಲ.

ಜೂನ್ 5, ಗುರುವಾರ

ಮಾತಿನ ಡಾಕ್ಟರಮ್ಮನ ಕೋಣೆ. ತಿಳಿಹಸಿರು ಗೋಡೆ, ಗೋಡೆಯ ತುಂಬ ಚಿತ್ರಗಳು. ಲೋಟ, ಕೀಲಿಕೈ, ಬೆಕ್ಕು. ಆಕೆ ಲೋಟ ತೋರಿಸಿದಳು.

"ಒಂದು," ಎಂದರು ಇವರು.

"ಲೋಟ ಅಂತಿದ್ದಾರೆ ಡಾಕ್ಟ್ರೇ," ಎಂದೆ ನಾನು.

"ಅವರು ಅಂದ್ರಾ, ನೀವು ಅಂದ್ರಾ?"

ಏನು ಎದೆಗಾರಿಕೆ! ನನ್ನ ಮೊಮ್ಮಗಳಾಗುವ ವಯಸ್ಸು. ಆದರೆ ದನಿ ಮೆತ್ತಗಿತ್ತು. "ಅಮ್ಮ, ಅವರ ಬಾಯಲ್ಲಿ ಬರ್ತಿರೋದು ಶಬ್ದ, ಇನ್ನೂ ಮಾತಾಗಿಲ್ಲ. ನನ್ನ ಹತ್ರ ಇರೋದು ಆರು ವಾರ. ಜುಲೈ ಹದಿನೇಳಕ್ಕೆ ನಾನು ವರದಿ ಬರೀಬೇಕು. ಅಷ್ಟರೊಳಗೆ ಒಂದೇ ಒಂದು ಸಲ, ಯಾರೂ ಹೇಳಿಕೊಡದೆ, ಅರ್ಥ ಇಟ್ಟು ಒಂದು ಮಾತಾಡಿದ್ರೆ ಇನ್ನೂ ಆರು ತಿಂಗಳು ಮುಂದುವರಿಸಬಹುದು. ಇಲ್ಲಾಂದ್ರೆ ಸರದೀಲಿ ಬೇರೆಯವರು ಕಾಯ್ತಿದ್ದಾರೆ."

ಒಂದು ಮಾತು! ಸಾವಿರಾರು ಜನರ ಮುಂದೆ ಮಾತಿನ ಮಳೆ ಸುರಿಸಿದವಳ ಮನೆಯಲ್ಲಿ ಒಂದು ಮಾತಿಗೆ ಬರ! ಮೆಟ್ಟಿಲಿಳಿಯುವಾಗ ಇವರ ಮೊಣಕೈ ಹಿಡಿದಿದ್ದೆ. ಯಾರು ಯಾರನ್ನು ಹಿಡಿದಿದ್ದರೋ.

ಜೂನ್ 8, ಭಾನುವಾರ

ನಾದಿನಿ ಬಂದಿದ್ದಳು. ಇವರ ತಂಗಿ, ಶಾಲೆಯಲ್ಲಿ ಲೆಕ್ಕದ ಟೀಚರ್, ಪಕ್ಕದ ಬೀದಿಯಲ್ಲೇ ಮನೆ. ಮಾತು ಕಡಿಮೆ, ಆಡಿದರೆ ಸೂಜಿ.

"ಅತ್ತಿಗೆ, ಅಣ್ಣ ಮೊದಲಿಂದ ಕೊನೇವರೆಗೂ ತಪ್ಪಿಲ್ಲದೆ ಓದಬಹುದಾದ ದೊಡ್ಡ ಸಂಖ್ಯೆ ಒಂದಿದೆ."

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು, ಒಂದು, ಒಂದು ಎಂದು ಸಾಲಾಗಿ ಗೀರತೊಡಗಿದಳು.

"ಒಂದರ ಅಂಕಿ ಮಾತ್ರ, ಸಾವಿರದ ಮೂವತ್ತೊಂದು ಸಲ. ಅವಿಭಾಜ್ಯ ಸಂಖ್ಯೆ."

"ಅದೆಂಥ ಸಂಖ್ಯೆಯೇ? ಬೇಲಿ ಇದ್ದ ಹಾಗಿದೆ."

"ಬೇಲಿನೇ. ಎಲ್ಲೂ ಸಂದಿಲ್ಲ. ಯಾವ ಸಂಖ್ಯೆಯಿಂದ ಭಾಗಿಸಿದ್ರೂ ಏನಾದ್ರೂ ಮಿಕ್ಕೇ ಮಿಗುತ್ತೆ. ತನಗೆ ಮತ್ತೆ ಒಂದಕ್ಕೆ ಬಿಟ್ರೆ ಯಾರಿಗೂ ಬಗ್ಗಲ್ಲ."

"ನಿನ್ನಣ್ಣನ ಹಾಗೆ."

"ನಿಮ್ಮ ಹಾಗೆ," ಎಂದಳು, ತಲೆಯೆತ್ತದೆ.

ಒಂದನ್ನು ಸಾಲಾಗಿ ಬರೆದ ಮಾತ್ರಕ್ಕೆ ಸಾಲದಂತೆ. ಮೂರು ಒಂದು ಬರೆದರೆ ನೂರ ಹನ್ನೊಂದು: ಮೂರರಿಂದ ಮುರಿಯುತ್ತದೆ. ನಾಲ್ಕು ಬರೆದರೆ ಹನ್ನೊಂದರಿಂದ ಮುರಿಯುತ್ತದೆ. ಐದೂ ಮುರಿಯುತ್ತದೆ, ಆರೂ ಮುರಿಯುತ್ತದೆ. ಮುರಿಯದೆ ನಿಲ್ಲುವುದು ಎರಡು ಒಂದುಗಳು, ಆಮೇಲೆ ಹತ್ತೊಂಬತ್ತು, ಆಮೇಲೆ ಇಪ್ಪತ್ಮೂರು. ಆಮೇಲೆ ದೊಡ್ಡ ಬಯಲು. ಮುನ್ನೂರ ಹದಿನೇಳರಲ್ಲಿ ಒಂದು. ಮತ್ತೆ ಬಯಲೋ ಬಯಲು. ಸಾವಿರದ ಮೂವತ್ತೊಂದು.

"ಒಂದು ಕಡಿಮೆಯಾಗಿ ಸಾವಿರದ ಮೂವತ್ತೇ ಬರೆದರೆ?"

"ಜೋಡಿ ಜೋಡಿಯಾಗಿ ಬಿಚ್ಕೊಂಡು ಹೋಗುತ್ತೆ. ಹನ್ನೊಂದು ಬಂದು ಸಲೀಸಾಗಿ ಭಾಗಿಸಿಬಿಡುತ್ತೆ. ಅದರಲ್ಲಿ ಪ್ರತಿ ಒಂದೂ ಬೇಕು ಅತ್ತಿಗೆ. ಯಾವ ಒಂದೂ ಹೆಚ್ಚಲ್ಲ."

ಎರಡು, ಹತ್ತೊಂಬತ್ತು, ಇಪ್ಪತ್ಮೂರು, ಮುನ್ನೂರ ಹದಿನೇಳು, ಸಾವಿರದ ಮೂವತ್ತೊಂದು. ಐದು ಅಂಕದ ನಾಟಕ! ನಾನು ಎದ್ದು ನಿಂತೇ ಬಿಟ್ಟೆ. ಇವರು ಕ್ಯಾಲೆಂಡರ್ ಹಾಳೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಸರಿಸುತ್ತಿದ್ದರು, ಹಿಂದೆ ಪ್ರಾಂಪ್ಟ್ ಪುಸ್ತಕದ ಮೇಲೆ ಸರಿಸುತ್ತಿದ್ದ ಹಾಗೆಯೇ.

ಜೂನ್ 9, ಸೋಮವಾರ

ಎಣಿಸುವುದು ಹೇಗೆ? ನಾನು ನೂರು ದಾಟಿದರೆ ತೊದಲುತ್ತೇನೆ. ಕೆಳಗಿನ ಅಂಗಡಿಯ ಟೈಲರ್ ದಾರಿ ತೋರಿಸಿದ. "ರಾಣಿಯಮ್ಮಾ, ನನ್ನ ಹತ್ರ ಹಳೇ ಗುಂಡಿ ರಾಶಿ ಬಿದ್ದಿದೆ. ತಗೊಂಡ್ಹೋಗಿ. ಅರಮನೇಲಿ ಮುತ್ತೆಣಿಸಿದ ಹಾಗೆ ಎಣಿಸಿ."

ಬಿಸ್ಕತ್ ಡಬ್ಬಿಯೊಂದರಲ್ಲಿ ನಾದಿನಿ ಎರಡೆರಡು ಸಲ ಎಣಿಸಿ ಸಾವಿರದ ಮೂವತ್ತೊಂದು ಗುಂಡಿ ತುಂಬಿದಳು. ಕೆಂಪು, ನೀಲಿ, ಹಸಿರು, ಕೋಟಿನವು, ಮಗುವಿನ ಅಂಗಿಯವು. ಮಿಕ್ಕಿದ್ದು ವಾಪಸು ಕೆಳಕ್ಕೆ. ಇನ್ನೊಂದು ಡಬ್ಬಿ ಖಾಲಿ. ಇವರು ಬಲಗೈಯಲ್ಲಿ ಒಂದು ಗುಂಡಿ ಎತ್ತಿ ಖಾಲಿ ಡಬ್ಬಿಗೆ ಹಾಕಬೇಕು, "ಒಂದು" ಎನ್ನಬೇಕು. ಮೊದಲ ಡಬ್ಬಿ ಬರಿದಾದರೆ ಸಂಖ್ಯೆ ಪೂರ್ತಿ. ಕೈಗೂ ಕೆಲಸ, ನಾಲಿಗೆಗೂ ಕೆಲಸ.

ಇಂದು ಮೊದಲ ಅಂಕ. ಟಿಣ್. "ಒಂದು." ಟಿಣ್. "ಒಂದು." ಎರಡು ಒಂದು ಸೇರಿ ಹನ್ನೊಂದು! ಚಪ್ಪಾಳೆ ಹೊಡೆದೆ. ಕೆಳಗಿನಿಂದ ಟೈಲರ್ ಸಹ ಹೊಡೆದ, ಯಾಕೆಂದು ತಿಳಿಯದೆ.

ಜೂನ್ 13, ಶುಕ್ರವಾರ

ಹತ್ತೊಂಬತ್ತು ದಾಟಲು ನಾಲ್ಕು ದಿನ ಹಿಡಿಯಿತು. ತಪ್ಪು ಇವರದಲ್ಲ ಎಂದು ನಾದಿನಿ ಹೇಳುತ್ತಾಳೆ. ಇವರು ಹನ್ನೆರಡಕ್ಕೋ ಹದಿನೈದಕ್ಕೋ ಗುಂಡಿ ಹಿಡಿದು ಸುಮ್ಮನಾಗುತ್ತಾರೆ. ರಂಗದ ಮೇಲೆ ಮೌನ ಬಿದ್ದರೆ ನನ್ನ ಎದೆ ಒಡೆಯುತ್ತದೆ! ನಾನೇ "ಒಂದು" ಎಂದುಬಿಡುತ್ತೇನೆ.

"ಅತ್ತಿಗೆ, ನೀವು ಹೇಳಿದ್ದು ಲೆಕ್ಕಕ್ಕಿಲ್ಲ. ಮೊದಲಿಂದ."

"ನಾಟಕ ನಿಂತು ಹೋಗತ್ತಲ್ಲೇ!"

"ನಿಲ್ಲಲಿ."

ಊರಿಗೆಲ್ಲ ರಾಣಿ, ನಾದಿನಿಗೆ ಮಾತ್ರ ದಡ್ಡ ವಿದ್ಯಾರ್ಥಿನಿ. ಇಂದು ಬಾಯಿಗೆ ಕರವಸ್ತ್ರ ಇಟ್ಟುಕೊಂಡು ಕೂತೆ. ಹತ್ತೊಂಬತ್ತೂ ಆಯಿತು, ಅದೇ ಉಸಿರಿನಲ್ಲಿ ಇಪ್ಪತ್ಮೂರೂ ಆಯಿತು.

ಜೂನ್ 19, ಗುರುವಾರ

ಡಾಕ್ಟರಮ್ಮ ಕೀಲಿಕೈ ತೋರಿಸಿದಳು. "ಒಂದು." ಬೆಕ್ಕು ತೋರಿಸಿದಳು. "ಒಂದು." ಆಕೆ ಬರೆದುಕೊಂಡಳು. ನಾಲ್ಕು ವಾರ ಉಳಿದಿದೆ.

ಮನೆಗೆ ಬಂದು ನೂರ ನಲವತ್ತರ ತನಕ ಹೋದೆವು. ಇವರು ನಿಂತರು. ನಾನು ಹೇಳಿಬಿಟ್ಟೆ. ಮತ್ತೆ ಮೊದಲಿಂದ.

ಜೂನ್ 24, ಮಂಗಳವಾರ

ಮಧ್ಯಾಹ್ನ ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು, ಮೇಲೆ ನನಗೆ ಜೊಂಪು ಹತ್ತಿತು. ಯಂತ್ರದ ಒಂದೊಂದು ಹೊಲಿಗೆಯೂ ಒಂದೊಂದು "ಒಂದು" ಆಗಿ ನಿದ್ದೆಯ ಒಳಕ್ಕೆ ಬಂತು.

ಕೊನೆಯಿಲ್ಲದ ರಂಗಸ್ಥಳ. ಅದರ ಉದ್ದಕ್ಕೂ ಬಿಳಿ ಬಟ್ಟೆ ತೊಟ್ಟವರು ಒಬ್ಬರ ಪಕ್ಕ ಒಬ್ಬರು, ನೆಟ್ಟಗೆ, ಒಂದರ ಅಂಕಿಯ ಹಾಗೆ. ಎಡದಿಂದ ಬಂದರೂ ಅಷ್ಟೇ, ಬಲದಿಂದ ಬಂದರೂ ಅಷ್ಟೇ, ಯಾರು ಮೊದಲು ಯಾರು ಕೊನೆ ಎಂದು ತಿಳಿಯದು. ರಾಣಿಯ ಪ್ರವೇಶಕ್ಕೆ ದಾರಿ ಬೇಕಲ್ಲ, ಎಲ್ಲಿ ಸಂದು ಎಂದು ಹುಡುಕುತ್ತ ನಡೆದೆ. ಇಬ್ಬಿಬ್ಬರಾಗಿ ಬಿಡಿಸಿ ನೋಡಿದೆ, ಒಬ್ಬ ಮಿಕ್ಕ. ಮೂವರು ಮೂವರಾಗಿ, ಇಬ್ಬರು ಮಿಕ್ಕರು. ಏಳೇಳಾಗಿ, ಆಗಲೂ ಇಬ್ಬರು. ಮಿಕ್ಕವರು ಬೇಸರಿಸಲಿಲ್ಲ, ನನ್ನನ್ನೇ ನೋಡಿ ನಕ್ಕರು, ಮತ್ತೆ ಸಾಲಿಗೆ ಹೋಗಿ ನಿಂತರು. ನಡೆದು ನಡೆದು ಕೊನೆಗೆ ಬಂದಾಗ ಅಲ್ಲೊಂದು ಮುರುಕು ಸ್ಟೂಲು. ಮೇಲೆ ಇವರು. ಕೈಯಲ್ಲಿ ಪುಸ್ತಕವಿಲ್ಲ.

"ನನ್ನ ಮಾತು ಯಾವುದು?" ಎಂದು ಕೇಳಿದೆ.

ಇವರು ಬಾಯಿ ತೆರೆದರು. ಯಂತ್ರ ನಿಂತಿತು. ಎಚ್ಚರವಾಯಿತು.

ಕುರ್ಚಿಯಲ್ಲಿ ಇವರು ನನ್ನನ್ನೇ ನೋಡುತ್ತ ಕೂತಿದ್ದರು.

ಜೂನ್ 29, ಭಾನುವಾರ

ನಾಲ್ಕನೆಯ ಅಂಕ ಮುಗಿಯಿತು! ಮುನ್ನೂರ ಹದಿನೇಳು! ನಾದಿನಿ ಪ್ರತಿ ಐವತ್ತಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದಳು. ಕೊನೆಯ ಗುಂಡಿ ಬಿದ್ದಾಗ ಇವರ ಹಣೆಯಲ್ಲಿ ಬೆವರು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂದು ನಾನು ಕೂಗಿದೆ, ಗೆರೆಗಳು ಅಲುಗುವ ಹಾಗೆ. ಆಮೇಲೆ ಗುಂಡಿಗಳನ್ನೆಲ್ಲ ಮೊದಲ ಡಬ್ಬಿಗೆ ಸುರಿದು ಅವಳು ಮನೆಗೆ ಹೋದಳು.

ಸಂಭ್ರಮಕ್ಕೆ ಇವರಿಗೆ ಬಿಳಿ ಅಂಗಿ ತೊಡಿಸಲು ಹೋದರೆ ಎದೆಯ ಮೇಲಿನ ಗುಂಡಿಯೇ ಇಲ್ಲ. ಕಂಪನಿಯಲ್ಲಿ ಪರದೆ ಏಳುವ ಮುಂಚೆ ಉಡುಪು ಹರಿದರೆ ಅಂಗಡಿಗೆ ಓಡುತ್ತಿದ್ದೆವೇ? ಕೈಗೆ ಸಿಕ್ಕಿದ್ದನ್ನು ಹೊಲಿದು ನಡೆ ಮುಂದೆ! ಪಕ್ಕದಲ್ಲೇ ಇದ್ದ ಡಬ್ಬಿಯಿಂದ ಹಸಿರು ಗುಂಡಿಯೊಂದನ್ನು ಎತ್ತಿ ಎರಡು ನಿಮಿಷದಲ್ಲಿ ಹೊಲಿದೆ. ಬಿಳಿ ಅಂಗಿಗೆ ಹಸಿರು ಗುಂಡಿ. ಇವರಿಗೆ ಬಣ್ಣ ಹಿಡಿಸಲಿಲ್ಲವೆಂದು ಕಾಣುತ್ತದೆ. ನನ್ನ ಮಣಿಕಟ್ಟು ಹಿಡಿದು "ಒಂದು, ಒಂದು," ಎಂದು ಎರಡು ಮೂರು ಸಲ ಅಂದರು.

"ಹೂಂ ಹೂಂ, ಒಂದೇ ಸಾಕು, ಚೆನ್ನಾಗಿದೆ," ಎಂದು ದಾರ ಕಚ್ಚಿ ತುಂಡು ಮಾಡಿದೆ.

ಜುಲೈ 4, ಶುಕ್ರವಾರ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಇನ್ನೂರ ಹನ್ನೆರಡರಲ್ಲಿ ನಿಂತರು. ಕಾದೆ, ಕಾದೆ, ತಡೆಯಲಾಗಲಿಲ್ಲ. "ಒಂದು ಅನ್ರೀ! ಅದೊಂದೇ ತಾನೆ ನಿಮಗೆ ಬರೋದು! ಗಿಣಿಗೂ ಎರಡು ಮಾತು ಬರತ್ತೆ!"

ಗುಂಡಿಯನ್ನು ಮೆಲ್ಲಗೆ ವಾಪಸು ಇಟ್ಟರು. ಡಬ್ಬಿಯ ಮುಚ್ಚಳ ಹಾಕಿದರು. ಆಮೇಲೆ ಸಂಜೆಯವರೆಗೂ ಇವರ ಬಾಯಿಂದ ಏನೂ ಇಲ್ಲ. "ಒಂದು" ಸಹ ಇಲ್ಲ.

ಇದ್ದದ್ದೇ ಒಂದು ಮಾತು. ಅದನ್ನೂ ಕಸಿದುಕೊಂಡೆ.

ಜುಲೈ 6, ಭಾನುವಾರ

ಎರಡು ದಿನ ಮನೆ ಖಾಲಿ ಸಭಾಂಗಣದ ಹಾಗಿತ್ತು.

ಹಳೆಯದೊಂದು ನೆನಪಾಯಿತು. ಹೊಸದಾಗಿ ಮದುವೆಯಾದಾಗ ನಾನು ಜಗಳ ಕಾದಿದ್ದೆ: "ನಾನು ಅಷ್ಟು ಹೊತ್ತು ನಿಂತಿದ್ದೆ, ನೀವು ಮಾತು ಎತ್ತಿಕೊಡಲೇ ಇಲ್ಲ!" ಇವರು ಹೇಳಿದ್ದರು: "ನೀನು ಮರೆತಿರಲಿಲ್ಲ, ನಿಂತಿದ್ದೆ ಅಷ್ಟೆ. ಬೇಗ ಎತ್ತಿಕೊಟ್ರೆ ನಿನ್ನ ಮೌನ ಕದ್ದ ಹಾಗಾಗುತ್ತೆ."

"ಮರೆತದ್ದೋ ನಿಂತದ್ದೋ, ಕತ್ತಲಲ್ಲಿ ಕೂತ ನಿಮಗೆ ಹೇಗೆ ಗೊತ್ತಾಗತ್ತೆ?"

"ಉಸಿರು ನೋಡ್ತೀನಿ. ಉಸಿರು ಒಳಗಿದ್ರೆ ಮಾತು ಬರ್ತಾ ಇದೆ ಅಂತ. ಹೊರಗೆ ಹೋಗಿದ್ರೆ ಮರೆತಿದ್ದಾರೆ ಅಂತ."

ಮೂವತ್ತು ವರ್ಷ ಇವರು ನನ್ನ ಉಸಿರು ನೋಡಿದ್ದಾರೆ. ನಾನು ದೀಪ ನೋಡಿದ್ದೇನೆ.

ಸಂಜೆ ಇವರೇ ಡಬ್ಬಿಯ ಮುಚ್ಚಳ ತೆಗೆದರು.

ಜುಲೈ 10, ಗುರುವಾರ

ಆರುನೂರ ನಾಲ್ಕು. ಇವರು ಮಧ್ಯೆ ಮಧ್ಯೆ ನಿಲ್ಲುತ್ತಾರೆ. ನಿಂತಾಗ ಇವರ ಅಂಗಿಯ ಎದೆ ನೋಡುತ್ತೇನೆ. ಏರಿರುತ್ತದೆ. ಆಮೇಲೆ ಬರುತ್ತದೆ, ಟಿಣ್.

ಎಲ್ಲ "ಒಂದು"ಗಳೂ ಒಂದೇ ಅಲ್ಲ. ಕೆಲವು ಬೆಚ್ಚಗಿವೆ. ಕೆಲವು ದೂರದಿಂದ ಬರುತ್ತವೆ, ಬಾವಿಯಿಂದ ನೀರು ಸೇದಿದ ಹಾಗೆ. ಒಂದರಲ್ಲಿ ನಗು ಇತ್ತು. ಇದುವರೆಗೆ ಇವೆಲ್ಲ ಎಲ್ಲಿದ್ದವೋ.

ಮೆಟ್ಟಿಲಲ್ಲಿ ಟೈಲರ್ ತಡೆದ. "ರಾಣಿಯಮ್ಮಾ, ಹುಷಾರಿಲ್ವಾ? ವಾರದಿಂದ ನಿಮ್ಮ ದನಿನೇ ಕೇಳ್ತಿಲ್ಲ." ನನಗೇನಾಗಿದೆ? ಎಂದಿನ ಹಾಗೇ ಇದ್ದೇನೆ. ಅವನ ಯಂತ್ರದ ಸದ್ದಿಗೆ ಅವನ ಕಿವಿಯೇ ಮಂದವಾಗಿರಬೇಕು.

ಜುಲೈ 15, ಮಂಗಳವಾರ

ಎಂಟುನೂರು. ಬಲಗೈ ಸೋತಿತು, ನಿಲ್ಲಿಸಿದರು. ಕಿಟಕಿಯಿಂದ ಗಾಳಿ.

ಜುಲೈ 17, ಗುರುವಾರ

ಬರೆಯಬೇಕು, ಇದ್ದದ್ದನ್ನು ಇದ್ದ ಹಾಗೆ.

ಡಾಕ್ಟರಮ್ಮನ ಸರದಿ ಒಂದೂವರೆ ಗಂಟೆ ತಡ ಎಂದು ಬಾಗಿಲಲ್ಲಿ ಹೇಳಿದರು. ಹೊರಕೋಣೆಯಲ್ಲಿ ಉದ್ದ ಬೆಂಚು, ಕಾದಿರುವವರು ಹದಿನೈದಿಪ್ಪತ್ತು ಜನ. ನಾದಿನಿ ರಜೆ ಹಾಕಿ ಬಂದಿದ್ದಳು, ಟೈಲರ್ ಅಂಗಡಿ ಮುಚ್ಚಿ ಬಂದಿದ್ದ. ಇವರು ಬಿಳಿ ಅಂಗಿ ತೊಟ್ಟಿದ್ದರು. ಯಾರೂ ಹೇಳದೆ ಎರಡೂ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಯದರ ಮುಚ್ಚಳ ತೆಗೆದರು.

ಟಿಣ್. "ಒಂದು."

ಮೊದಮೊದಲು ಜನ ತಿರುಗಿ ನೋಡಿದರು. "ಏನದು?" ಎಂದು ಊರುಗೋಲಿನ ಮುದುಕರೊಬ್ಬರು ಕೇಳಿದರು. "ಒಂದು ಸಂಖ್ಯೆ ಓದ್ತಿದ್ದಾರೆ," ಎಂದಳು ನಾದಿನಿ. "ಇನ್ನೂ ಮುಗೀಲಿಲ್ವಾ?" "ಈಗ ಶುರುವಾಗಿದೆ." ಇನ್ನೂರಕ್ಕೆ ಪಿಸುಮಾತು ನಿಂತಿತು. ಐನೂರರ ಹೊತ್ತಿಗೆ ಒಂದು ಮಗು ತಾಯಿಯ ತೊಡೆಯ ಮೇಲೆ ಅದೇ ತಾಳಕ್ಕೆ ನಿದ್ದೆ ಹೋಯಿತು. ಇವರು ಮಧ್ಯೆ ನಿಂತಾಗ ಎಲ್ಲರ ಉಸಿರೂ ನಿಂತಿತು. ಕೋಣೆಯೇ ನೀರಿನ ಕೆಳಗಿದ್ದ ಹಾಗೆ, ಗುಂಡಿಗಳು ಒಂದೊಂದಾಗಿ ಮೇಲಿಂದ ಇಳಿದು ತಳ ಸೇರುತ್ತಿದ್ದ ಹಾಗೆ. ಯಾವಾಗಲೋ ಡಾಕ್ಟರಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು.

ಡಬ್ಬಿಯಲ್ಲಿ ಐದು ಗುಂಡಿ. ಮೂರು. ಒಂದು, ಕೆಂಪು. ಟಿಣ್. "ಒಂದು."

ಬರಿದು.

ಚಪ್ಪಾಳೆ! ಹೊರಕೋಣೆ ಬಿರಿಯುವ ಹಾಗೆ! ಟೈಲರ್ ಸಿಳ್ಳೆ ಹೊಡೆದ. ನಾನು ಏನು ಮಾಡಿದೆ? ಬರೆಯಲು ನಾಚಿಕೆ. ಎದ್ದು ನಿಂತು, ಎದೆಗೆ ಕೈಯಿಟ್ಟು, ತಲೆಬಾಗಿಸಿ ವಂದಿಸಿದೆ, ಹಳೆಯ ರಾಣಿ.

ನನ್ನ ತೋಳನ್ನು ಯಾರೋ ಎಳೆದರು. ಇವರು. ತಲೆಯಾಡಿಸುತ್ತಿದ್ದರು: ಇಲ್ಲ, ಇಲ್ಲ. ಖಾಲಿ ಡಬ್ಬಿಯನ್ನು ಬೋರಲು ಹಾಕಿ ತೋರಿಸಿದರು. ಚಪ್ಪಾಳೆ ತಾನಾಗಿ ನಿಂತಿತು. ಬಾಯಿಗೆ ಮಾತು ಬಂದಿತ್ತು ನನಗೆ, "ಸುಸ್ತಾಗಿದೆ ಅಂತಿದ್ದಾರೆ" ಎಂದು. ಆಡಲಿಲ್ಲ. ಇವರ ಎದೆ ನೋಡಿದೆ. ಏರಿತ್ತು. ಕಾದೆ.

ಬಲಗೈ ಡಬ್ಬಿಯ ಅಂಚು ಬಿಟ್ಟು ನಿಧಾನಕ್ಕೆ ಮೇಲೆ ಬಂತು. ತಮ್ಮ ಅಂಗಿಯ ಹಸಿರು ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದರು.

"ಒಂದು," ಎಂದರು.

ನಾದಿನಿ ತುಂಬಿದ ಡಬ್ಬಿಯನ್ನು ನೆಲಕ್ಕೆ ಸುರಿದು, ಕೂತು ಎಣಿಸಿದಳು. ಹತ್ತು ಹತ್ತರ ಗುಡ್ಡೆ. ಯಾರೂ ಒಳಗೆ ಹೋಗಲಿಲ್ಲ, ಯಾರೂ ಹೊರಗೆ ಹೋಗಲಿಲ್ಲ. ಕೊನೆಗೆ ತಲೆಯೆತ್ತಿದಳು. ಲೆಕ್ಕದ ಟೀಚರಮ್ಮನ ಕಣ್ಣಲ್ಲಿ ನೀರು ನಾನು ಕಂಡದ್ದು ಅದೇ ಮೊದಲು.

"ಡಬ್ಬೀಲಿ ಸಾವಿರದ ಮೂವತ್ತು. ಮೈಮೇಲೆ ಒಂದು."

"ಅವರಿಗೆ ಇದನ್ನ ಯಾರು ಹೇಳಿಕೊಟ್ರು?" ಡಾಕ್ಟರಮ್ಮ ಕೇಳಿದಳು.

"ಯಾರು ಹೇಳಿಕೊಡ್ತಾರೆ? ನಮಗ್ಯಾರಿಗೂ ಗೊತ್ತೇ ಇರಲಿಲ್ವಲ್ಲ," ಎಂದಳು ನಾದಿನಿ.

ಆಕೆ ಇವರ ಮುಂದೆ ಮೊಣಕಾಲೂರಿ ಕೂತಳು. ಬೆಕ್ಕು, ಲೋಟ, ಕೀಲಿಕೈ ಯಾವುದನ್ನೂ ತೋರಿಸಲಿಲ್ಲ. ತನ್ನ ಕೋಟಿನ ಗುಂಡಿ ಮುಟ್ಟಿ ಕೇಳಿದಳು, "ಇದು?"

ಇವರು ನೋಡಿದರು, ನಕ್ಕರು, ತಲೆಯಾಡಿಸಿದರು. ಅದು ಸಂಖ್ಯೆಗೆ ಸೇರಿದ್ದಲ್ಲ.

ಆಕೆ ನಿಂತುಕೊಂಡೇ ವರದಿ ಬರೆದಳು. ಆರು ತಿಂಗಳು.

ಜುಲೈ 18, ಶುಕ್ರವಾರ

ಟೈಲರ್ ಮುಂದಿನ ಸಂಖ್ಯೆ ಯಾವುದೆಂದು ನಾದಿನಿಯನ್ನು ಕೇಳಿದನಂತೆ. ನಲವತ್ತೊಂಬತ್ತು ಸಾವಿರದ ಎಂಬತ್ತೊಂದು ಒಂದುಗಳು, ನಡುವೆ ಮುರಿಯದೆ ನಿಲ್ಲುವ ಸಂಖ್ಯೆ ಇನ್ನೊಂದಿಲ್ಲ ಎಂದಳಂತೆ. "ಹಂಗಾದ್ರೆ ಊರಿನ ಅಂಗಿಗಳನ್ನೆಲ್ಲ ಬಿಚ್ಚಬೇಕು," ಎಂದನಂತೆ. ಹಸಿರು ಗುಂಡಿ ಅಂಗಿಯ ಮೇಲೆಯೇ ಇರಲಿ ಎಂದು ಎಲ್ಲರೂ ಒಪ್ಪಿದ್ದೇವೆ.

ಈ ಪುಸ್ತಕವನ್ನು ಹಿಂದಕ್ಕೆ ತಿರುಗಿಸಿದೆ. ಜೂನ್ 29. "ನನ್ನ ಮಣಿಕಟ್ಟು ಹಿಡಿದು 'ಒಂದು, ಒಂದು,' ಎಂದು ಎರಡು ಮೂರು ಸಲ ಅಂದರು." ನನ್ನದೇ ಅಕ್ಷರ. ಅಂದೇ ಹೇಳಿದ್ದರು. ಬಣ್ಣ ಹಿಡಿಸಲಿಲ್ಲವೆಂದು ಬರೆದುಕೊಂಡಿದ್ದೇನೆ.

ಇನ್ನೂ ಹಿಂದಿನ ಪುಟ ತಿರುಗಿಸಲು ಧೈರ್ಯ ಬರಲಿಲ್ಲ. ನೀರು ಎಂದು ನಾನು ಕೊಟ್ಟದ್ದು ಏನಾಗಿತ್ತೋ, ಕಿಟಕಿ ಎಂದು ನಾನು ಮುಚ್ಚಿದ್ದು ಏನಾಗಿತ್ತೋ.

ಈಗ ಇವರು ಬೆಳಕಿನ ಕಡೆ ಮುಖ ಮಾಡಿ ಕೂತು "ಒಂದು" ಎಂದರು. ಏನೆಂದು ನಾನು ಹೇಳಲಿಲ್ಲ. ಸ್ಟೂಲು ತಂದು ಪಕ್ಕದಲ್ಲಿ ಹಾಕಿಕೊಂಡು ಕೂತೆ. ನೋಡಿದೆ.

ಉಸಿರು ಒಳಗಿದೆ.